ಲೇಸರ್ ಜಾಮರ್ ಹಾಕಿಸಿದರೆ ಸ್ಪೀಡ್ ಗನ್‌ನಿಂದ ತಪ್ಪಿಸಿಕೊಳ್ಳಬಹುದಾ?

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ್ದ. ಶನಿವಾರ ಮೈಸೂರಿಗೆ ಹೋಗಿ ಭಾನುವಾರ ಬೆಂಗಳೂರಿಗೆ ವಾಪಸ್ ಬಂದಿದ್ದಾನೆ, ಅಷ್ಟರಲ್ಲಿ ಎರಡು ನೋಟಿಸ್. ಹೋಗುವಾಗ ಒಂದು, ಬರುವಾಗ ಒಂದು. ಎರಡೂ ಅತಿವೇಗಕ್ಕೆ. "ಮಾಮ, ಡಾಲಸ್‌ನಲ್ಲಿರೋ ನನ್ನ ಫ್ರೆಂಡು ಹೇಳ್ತಿದ್ದ, ಲೇಸರ್ ಜಾಮರ್ ಅಂತ ಸಿಗುತ್ತಂತೆ. ಕಾರಿನ ಮುಂದೆ ಕೂರಿಸಿದ್ರೆ ಪೊಲೀಸರ ಗನ್ನಲ್ಲಿ ಸ್ಪೀಡೇ ತೋರಿಸಲ್ವಂತೆ. ಒಂದು ತರಿಸ್ಲಾ?" ಅಂತ ಕೇಳಿದ.

ಬೈದು ಫೋನ್ ಇಡಬಹುದಿತ್ತು. ಆದರೆ ಈ ಪ್ರಶ್ನೆ ಅವನೊಬ್ಬನದಲ್ಲ. ಹೈವೇಗಳಲ್ಲಿ ಕ್ಯಾಮೆರಾ ಜಾಸ್ತಿ ಆದಮೇಲೆ ಆಫೀಸಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ನಾಲ್ಕು ಜನ ಕಾರಿನವರು ಸೇರಿದರೂ ಇದೇ ಮಾತು. ಒಬ್ಬರು ಸ್ಪ್ರೇ ಅನ್ನುತ್ತಾರೆ, ಒಬ್ಬರು ಡಿಟೆಕ್ಟರ್ ಅನ್ನುತ್ತಾರೆ, ಇನ್ನೊಬ್ಬರು ಜಾಮರ್ ಅನ್ನುತ್ತಾರೆ. ಗನ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ನಾವೇ ಹೇಳಬಹುದು. ಅವನಿಗೆ ಅವತ್ತು ಒಂದು ಗಂಟೆ ಕೂತು ವಿವರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಾ ಗನ್ನೂ ಒಂದೇ ಅಲ್ಲ

ಪೊಲೀಸರ ಕೈಯಲ್ಲಿ ಕಾಣುವುದನ್ನೆಲ್ಲ ನಾವು ಸ್ಪೀಡ್ ಗನ್ ಅಂತಲೇ ಕರೆಯುತ್ತೇವೆ. ಆದರೆ ಒಳಗೆ ಎರಡು ಬೇರೆ ಬೇರೆ ಜಾತಿ ಇವೆ.

ಹಳೆಯದು ರಾಡಾರ್. ಅದು ರೇಡಿಯೋ ಅಲೆಯನ್ನು ಬಿಡುತ್ತದೆ. ಓಡುವ ಗಾಡಿಗೆ ಬಡಿದು ವಾಪಸ್ ಬಂದ ಅಲೆಯ ಕಂಪನ ಸ್ವಲ್ಪ ಬದಲಾಗಿರುತ್ತದೆ. ಪ್ಲಾಟ್‌ಫಾರಂ ಮೇಲೆ ನಿಂತಾಗ ನಿಲ್ಲದೆ ಹೋಗುವ ರೈಲಿನ ಹಾರ್ನ್ ಕೇಳಿದ್ದೀರಲ್ವಾ? ಹತ್ತಿರ ಬರುವಾಗ ಕೀರಲು, ನಮ್ಮನ್ನು ದಾಟಿದ ಕೂಡಲೇ ದಪ್ಪ ದನಿ. ಹಾರ್ನ್ ಒಂದೇ, ರೈಲಿನ ಓಟದಿಂದ ನಮ್ಮ ಕಿವಿಗೆ ಬೇರೆ ಆಗಿ ಕೇಳುತ್ತದೆ. ಇದಕ್ಕೆ ಡಾಪ್ಲರ್ ಪರಿಣಾಮ ಅಂತ ಹೆಸರು. ರಾಡಾರ್ ಗನ್ ಇದೇ ವ್ಯತ್ಯಾಸವನ್ನು ಹಿಡಿದು ವೇಗ ಲೆಕ್ಕ ಹಾಕುತ್ತದೆ.

ರಾಡಾರ್‌ಗೆ ಒಂದು ತೊಡಕು. ಅದರ ಅಲೆ ಅಗಲವಾಗಿ ಹರಡುತ್ತದೆ. ಅಲೆ ಸುಮಾರು 12 ಡಿಗ್ರಿ ಹರಡಿದರೆ 300 ಮೀಟರ್ ದೂರ ಹೋಗುವಷ್ಟರಲ್ಲಿ ಅಗಲ 60 ಮೀಟರ್ ದಾಟಿರುತ್ತದೆ. ಅಂದರೆ ಪೂರ್ತಿ ರಸ್ತೆ, ಪಕ್ಕದ ಸರ್ವಿಸ್ ರೋಡು, ಎಲ್ಲವೂ ಅದರೊಳಗೆ. ಖಾಲಿ ರಸ್ತೆಯಲ್ಲಿ ಒಂದೇ ಕಾರು ಬಂದರೆ ಸರಿ. ನಮ್ಮಲ್ಲಿ ಹಾಗೆ ಬರುತ್ತಾ? ಲಾರಿ, ಬಸ್ಸು, ಕಾರು ಒಂದರ ಪಕ್ಕ ಒಂದು ಬರುವಾಗ ಆ ವೇಗ ಯಾರದು ಅಂತ ಹೇಳುವುದು ಕಷ್ಟ.

ಆ ಕಷ್ಟಕ್ಕೆ ಬಂದ ಉತ್ತರವೇ ಲೇಸರ್ ಗನ್. ಇದು ಬೆಳಕು ಬಿಡುತ್ತದೆ. ಕಣ್ಣಿಗೆ ಕಾಣುವ ಬೆಳಕಲ್ಲ, ಇನ್‌ಫ್ರಾರೆಡ್. ಟಿ.ವಿ. ರಿಮೋಟಿನ ತುದಿಯಿಂದ ಹೊರಡುವ ಬೆಳಕಿನ ಅಣ್ಣತಮ್ಮ ಅಂದುಕೊಳ್ಳಿ. ಇದರ ಕಿರಣ ತುಂಬಾ ತೆಳು. 300 ಮೀಟರ್ ದೂರದಲ್ಲೂ ಹೆಚ್ಚುಕಡಿಮೆ ಒಂದು ಮೀಟರ್ ಅಗಲ, ಅಷ್ಟೇ. ಹತ್ತು ಗಾಡಿಗಳ ಗುಂಪಿನಲ್ಲಿ ಒಂದೇ ಗಾಡಿಯನ್ನು ಬೆರಳು ತೋರಿಸಿ ಹೇಳಿದ ಹಾಗೆ.

ಒಮ್ಮೆ ಮದ್ದೂರಿನ ಹತ್ತಿರ ಎಳನೀರು ಕುಡಿಯಲು ನಿಂತಾಗ ಸ್ವಲ್ಪ ದೂರದಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಗನ್ ಇಟ್ಟುಕೊಂಡು ಪೊಲೀಸರು ನಿಂತಿದ್ದರು. ಹೋಗಿ ಮಾತಾಡಿಸಿದೆ. ಆ ಪುಣ್ಯಾತ್ಮರು ಒಂದು ನಿಮಿಷ ನೋಡಲು ಬಿಟ್ಟರು. ಕಣ್ಣಿಟ್ಟರೆ ಒಳಗೆ ಒಂದು ಕೆಂಪು ಚುಕ್ಕಿ. ಆ ಚುಕ್ಕಿ ಗನ್ನಿನೊಳಗೆ ಮಾತ್ರ ಕಾಣುತ್ತದೆ, ಕಾರಿನ ಮೇಲೆ ಬೀಳುವುದಿಲ್ಲ. ದೂರದಲ್ಲಿ ಬರುತ್ತಿದ್ದ ಬಿಳಿ ಕಾರಿನ ನಂಬರ್ ಪ್ಲೇಟ್ ಮೇಲೆ ಚುಕ್ಕಿ ಕೂರಿಸಿ ಅವರು ಗುಂಡಿ ಒತ್ತಿದರು. 'ಪೀಂ' ಅಂತು. ಪರದೆಯ ಮೇಲೆ ಎರಡು ಅಂಕಿ ಬಂದವು. ಒಂದು ವೇಗ, ಇನ್ನೊಂದು ದೂರ. ಗುಂಡಿ ಒತ್ತಿದ್ದಕ್ಕೂ ಅಂಕಿ ಬಂದಿದ್ದಕ್ಕೂ ನಡುವೆ ನನಗೆ ಉಸಿರು ಎಳೆದುಕೊಳ್ಳುವಷ್ಟೂ ಪುರಸೊತ್ತು ಸಿಗಲಿಲ್ಲ. ಪರದೆಯ ಮೇಲೆ ದೂರವೂ ಬಂದಿತ್ತಲ್ಲ, ಇಡೀ ಲೆಕ್ಕದ ಗುಟ್ಟು ಅದರಲ್ಲೇ ಇದೆ.

ಬೆಟ್ಟದ ಎದುರು ಕೂಗಿದ ಹಾಗೆ

ಬೆಟ್ಟದ ಎದುರು ನಿಂತು 'ಓ' ಅಂತ ಕೂಗಿ. ಸ್ವಲ್ಪ ಹೊತ್ತಿಗೆ ಆ 'ಓ' ವಾಪಸ್ ಬರುತ್ತದೆ. ದನಿ ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಗೊತ್ತಾದರೆ ಬೆಟ್ಟ ಎಷ್ಟು ದೂರ ಇದೆ ಅಂತ ಹೇಳಬಹುದು. ಲೇಸರ್ ಗನ್ ಮಾಡುವುದೂ ಇಷ್ಟೇ. ದನಿಯ ಬದಲು ಬೆಳಕು, ಬೆಟ್ಟದ ಬದಲು ನಿಮ್ಮ ನಂಬರ್ ಪ್ಲೇಟು.

ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. 300 ಮೀಟರ್ ದೂರದ ಕಾರಿಗೆ ಹೋಗಿ ವಾಪಸ್ ಬರಲು ಅದಕ್ಕೆ 2 ಮೈಕ್ರೋಸೆಕೆಂಡ್ ಸಾಕು. ಒಂದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿ, ಅದರಲ್ಲಿ ಎರಡು ಚೂರು. ಅಷ್ಟನ್ನು ಅಳೆಯುವ ಗಡಿಯಾರ ಗನ್ನಿನೊಳಗೆ ಇದೆ.

ಒಂದು ಸಲ ಬೆಳಕು ಬಿಟ್ಟರೆ ದೂರ ಮಾತ್ರ ಸಿಗುತ್ತದೆ. ವೇಗ ಬೇಕು ಅಂದರೆ ಮತ್ತೆ ಮತ್ತೆ ಬಿಡಬೇಕು. ಹಾಗಾಗಿ ಗನ್ ಸೆಕೆಂಡಿಗೆ ನೂರಾರು ಸಲ ಬೆಳಕನ್ನು ಮಿನುಗಿಸುತ್ತದೆ. ಪ್ರತಿ ಮಿನುಗಿಗೂ ಒಂದು ದೂರ. ಮೊದಲ ಮಿನುಗಿಗೆ ಕಾರು 300 ಮೀಟರ್ ಆಚೆ ಇತ್ತು, ಸೆಕೆಂಡಿನ ಮೂರನೇ ಒಂದು ಭಾಗ ಕಳೆಯುವಷ್ಟರಲ್ಲಿ 291 ಮೀಟರ್‌ಗೆ ಬಂತು ಅಂದುಕೊಳ್ಳಿ. ಅಷ್ಟು ಹೊತ್ತಿನಲ್ಲಿ 9 ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಓಡಿದರೆ ಗಂಟೆಗೆ 100 ಕಿ.ಮೀ. ಗನ್ ನೂರಾರು ದೂರಗಳನ್ನು ಸಾಲಾಗಿ ಇಟ್ಟು ನೋಡುತ್ತದೆ. ಅವು ಒಂದೇ ಹದದಲ್ಲಿ ಕಡಿಮೆ ಆಗುತ್ತಾ ಬಂದಿದ್ದರೆ ಮಾತ್ರ ವೇಗ ತೋರಿಸುತ್ತದೆ. ಎತ್ತೆತ್ತಲೋ ಇದ್ದರೆ 'ಎರರ್' ಅಂತ ಕೈ ಬಿಡುತ್ತದೆ.

ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಜಾಮರ್ ಹುಟ್ಟಿದ್ದೇ ಅಲ್ಲಿಂದ.

ಜಾಮರ್ ಏನು ಮಾಡುತ್ತದೆ

ಬೆಟ್ಟದ ಉದಾಹರಣೆಗೇ ವಾಪಸ್ ಹೋಗೋಣ. ನೀವು 'ಓ' ಅಂತ ಕೂಗುತ್ತೀರಿ. ಬೆಟ್ಟದ ಬುಡದಲ್ಲಿ ಒಬ್ಬ ತುಂಟ ಹುಡುಗ ಅಡಗಿ ಕೂತಿದ್ದಾನೆ. ನಿಜವಾದ ಮಾರ್ದನಿ ಬರುವ ಮೊದಲೇ ಅವನು 'ಓ' ಅಂತ ಜೋರಾಗಿ ಕೂಗಿಬಿಡುತ್ತಾನೆ. ಒಂದು ಸಲ ತುಂಬಾ ಬೇಗ, ಒಂದು ಸಲ ಸ್ವಲ್ಪ ಬೇಗ. ನಿಮಗೆ ಯಾವುದು ಬೆಟ್ಟದ್ದು, ಯಾವುದು ಹುಡುಗನದ್ದು ಅಂತ ಗೊತ್ತಾಗುವುದಿಲ್ಲ. ಲೆಕ್ಕ ತಪ್ಪುತ್ತದೆ.

ಜಾಮರ್ ಆ ಹುಡುಗ. ಕಾರಿನ ಮುಂದೆ ಗ್ರಿಲ್ಲಿನ ಹತ್ತಿರ, ನಂಬರ್ ಪ್ಲೇಟಿನ ಅಕ್ಕಪಕ್ಕ ಬೆಂಕಿಪೊಟ್ಟಣದ ಗಾತ್ರದ ಎರಡೋ ಮೂರೋ ಡಬ್ಬಿ ಕೂರಿಸುತ್ತಾರೆ. ಪ್ರತಿ ಡಬ್ಬಿಯಲ್ಲಿ ಗನ್ನಿನ ಬೆಳಕನ್ನು ಹಿಡಿಯುವ ಒಂದು ಕಣ್ಣು, ತಿರುಗಿ ಬೆಳಕು ಬಿಡುವ ಒಂದು ದೀಪ. ಗನ್ನಿನ ಬೆಳಕು ಬಿದ್ದ ಕೂಡಲೇ ಅದು ಅದೇ ಥರದ ಬೆಳಕನ್ನು ಗನ್ನಿನ ಕಡೆಗೆ ಎರಚುತ್ತದೆ. ಗನ್ನಿನ ಕಣ್ಣಿಗೆ ಮಣ್ಣೆರಚುವುದು ಅಂತಾರಲ್ಲ, ಅಕ್ಷರಶಃ ಅದೇ.

ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ, ಇದು ನನಗೆ ತುಂಬಾ ಇಷ್ಟವಾದ ಭಾಗ. ಗನ್ನಿನ ಬೆಳಕು ಕಾರಿಗೆ ಬಡಿದ ಮೇಲೆ ಜಾಮರ್ ಎಚ್ಚೆತ್ತು ಉತ್ತರ ಕೊಟ್ಟರೆ ಏನೂ ಪ್ರಯೋಜನ ಇಲ್ಲ. ಯಾಕೆಂದರೆ ಅಷ್ಟರಲ್ಲಿ ನಂಬರ್ ಪ್ಲೇಟಿಗೆ ಬಡಿದ ನಿಜವಾದ ಬೆಳಕು ಆಗಲೇ ವಾಪಸ್ ಹೊರಟಿದೆ. ಬೆಳಕನ್ನು ಹಿಂದೆ ಹಾಕುವಂಥದ್ದು ಲೋಕದಲ್ಲಿ ಯಾವುದೂ ಇಲ್ಲ. ಹಾಗಾದರೆ ಜಾಮರ್ ಮೊದಲು ಮುಟ್ಟುವುದು ಹೇಗೆ? ಮುಂದಿನ ಮಿನುಗು ಯಾವಾಗ ಬರುತ್ತದೆ ಅಂತ ಮೊದಲೇ ಊಹಿಸಬೇಕು. ಗನ್ ಸೆಕೆಂಡಿಗೆ 200 ಸಲ ಮಿನುಗುತ್ತದೆ ಅಂದರೆ 5 ಮಿಲಿಸೆಕೆಂಡಿಗೆ ಒಂದು. ಮೊದಲ ನಾಲ್ಕೈದು ಮಿನುಗು ಕೇಳಿಸಿಕೊಂಡು, ತಾಳ ಹಿಡಿದು, ಮುಂದಿನದು ಬೀಳುವ ಕ್ಷಣಕ್ಕಿಂತ ಕೂದಲೆಳೆ ಮುಂಚೆ ತನ್ನದನ್ನು ಬಿಡಬೇಕು.

ಅಂದರೆ ಜಾಮರ್‌ನ ಪೂರ್ತಿ ಶಕ್ತಿ ನಿಂತಿರುವುದು ಗನ್ ಒಂದೇ ತಾಳದಲ್ಲಿ ಹೊಡೆಯುತ್ತದೆ ಅನ್ನುವ ನಂಬಿಕೆಯ ಮೇಲೆ.

ಹಾಗಾದರೆ ಕೆಲಸ ಮಾಡುತ್ತಾ?

ನೇರವಾಗಿ ಹೇಳುತ್ತೇನೆ. ಒಳ್ಳೆಯ ಜಾಮರ್, ಸರಿಯಾಗಿ ಅಳವಡಿಸಿದ್ದು, ಒಂದೇ ತಾಳದಲ್ಲಿ ಮಿನುಗುವ ಹಳೆಯ ಗನ್ನಿನ ಎದುರು ಕೆಲಸ ಮಾಡುತ್ತದೆ. ಅಮೆರಿಕದಲ್ಲಿ ಹವ್ಯಾಸಿಗಳು ಗನ್ ಕೊಂಡುಕೊಂಡು ಬಂದು ಖಾಲಿ ರಸ್ತೆಯಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಗನ್ನಿನ ಪರದೆ ಖಾಲಿ ಉಳಿಯುತ್ತದೆ. ಇದನ್ನು ಸುಳ್ಳು ಅಂದರೆ ನಾನೂ ಸುಳ್ಳು ಹೇಳಿದ ಹಾಗೆ.

ಆದರೆ ಈ ಮಾತಿನ ಒಂದೊಂದು ಷರತ್ತೂ ಭಾರಿ.

ಕಿರಣದ ಅಗಲ ಒಂದು ಮೀಟರ್ ಅಂದೆನಲ್ಲ. ಹತ್ತಿರ ಬಂದಷ್ಟೂ ಅದು ಇನ್ನೂ ಸಣ್ಣದಾಗುತ್ತದೆ. 100 ಮೀಟರ್‌ನಲ್ಲಿ ಒಂದಡಿ ಅಷ್ಟೇ. ಪೊಲೀಸರು ನಂಬರ್ ಪ್ಲೇಟಿಗೆ ಹಿಡಿದರೆ ಅಲ್ಲಿರುವ ಡಬ್ಬಿಗೆ ಬೆಳಕು ತಾಗಬಹುದು. ಮೂಲೆಯ ಹೆಡ್‌ಲೈಟಿಗೆ ಹಿಡಿದರೆ? ದೊಡ್ಡ ಎಸ್‌ಯುವಿಗೆ ಎರಡು ಡಬ್ಬಿ ಸಾಲುವುದಿಲ್ಲ. ದಾಟಿ ಹೋದ ಮೇಲೆ ಹಿಂದಿನಿಂದ ಹಿಡಿದರೆ ಹಿಂದೆಯೂ ಬೇಕು. ಡಬ್ಬಿ ಸ್ವಲ್ಪ ಓರೆ ಆದರೂ, ಮಳೆಗಾಲದ ಕೆಸರು ಅದರ ಕಣ್ಣಿನ ಮೇಲೆ ಮೆತ್ತಿದರೂ ಆಟ ಮುಗಿಯಿತು. ನಮ್ಮ ರಸ್ತೆಯಲ್ಲಿ ಒಂದು ದಿನ ಓಡಿಸಿದ ಕಾರಿನ ಬಂಪರ್ ನೋಡಿದರೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ.

ಎರಡನೆಯದು, ಗನ್ ಮಾಡುವವರೂ ಸುಮ್ಮನೆ ಕೂತಿಲ್ಲ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಗಾದೆ ಇದೆಯಲ್ಲ, ಇಲ್ಲಿ ಆಗಿರುವುದೂ ಅದೇ. ಹೊಸ ಗನ್‌ಗಳು ತಾಳ ಬದಲಿಸುತ್ತಾ ಮಿನುಗುತ್ತವೆ. ಒಂದು ಅಂತರ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಊಹಿಸಿ ಉತ್ತರ ಕೊಡುವ ಜಾಮರ್‌ಗೆ ಊಹಿಸಲು ಏನೂ ಸಿಗುವುದಿಲ್ಲ. ಜಾಮರ್ ಕಂಪನಿ ಹೊಸ ಸಾಫ್ಟ್‌ವೇರ್ ಬಿಡುತ್ತದೆ, ಗನ್ ಕಂಪನಿ ಹೊಸ ತಾಳ ತರುತ್ತದೆ. ಹೀಗೇ ನಡೆದಿದೆ. ದುಡ್ಡು ಕೊಟ್ಟು ಕೊಂಡವನಿಗೆ ಎದುರಿಗೆ ನಿಂತಿರುವ ಗನ್ ಯಾವ ಕಾಲದ್ದು ಅಂತ ಹೇಗೆ ಗೊತ್ತಾಗಬೇಕು?

ಮೂರನೆಯದನ್ನು ಯಾರೂ ಯೋಚಿಸುವುದಿಲ್ಲ. ಪರದೆ ಖಾಲಿ ಅಂದರೆ ಪೊಲೀಸರಿಗೆ ಏನೂ ಗೊತ್ತಾಗಲಿಲ್ಲ ಅಂತ ಅಲ್ಲ. ಹಿಂದಿನ ಕಾರಿಗೂ ಮುಂದಿನ ಕಾರಿಗೂ ವೇಗ ಬಂದು, ನಡುವಿನ ಒಂದಕ್ಕೆ ಮಾತ್ರ ಬರದಿದ್ದರೆ ಅನುಮಾನ ಬರದೆ ಇರುತ್ತಾ? ಈಗಿನ ಹಲವು ಗನ್‌ಗಳು ಹೊರಗಿನ ಬೆಳಕು ಒಳಗೆ ನುಗ್ಗುತ್ತಿದೆ ಅಂತ ಪತ್ತೆ ಹಚ್ಚಿ ಪರದೆಯಲ್ಲೇ ಎಚ್ಚರಿಸುತ್ತವೆ. ವಿಡಿಯೋ ಇರುವ ಗನ್ ಆದರೆ ಅದೂ ದಾಖಲಾಗುತ್ತದೆ. ಅದಕ್ಕೇ ಜಾಮರ್ ಬಳಸುವವರು ಮೂರು ನಾಲ್ಕು ಸೆಕೆಂಡಿನೊಳಗೆ ಬ್ರೇಕ್ ಹಾಕಿ, ಮಿತಿಯೊಳಗೆ ಬಂದು, ಜಾಮರ್ ಆಫ್ ಮಾಡಿ, ಗನ್‌ಗೆ ವೇಗ ತೋರಿಸಿಬಿಡುತ್ತಾರೆ. ಅಂದರೆ ಸಾವಿರಾರು ರೂಪಾಯಿ ಕೊಟ್ಟು ಕೊಂಡಿದ್ದು ನಾಲ್ಕು ಸೆಕೆಂಡು. ಆಮೇಲೆ ನಿಧಾನ ಮಾಡಲೇಬೇಕು. ಹೈವೇಯಲ್ಲಿ 130ರಲ್ಲಿ ಬರುತ್ತಿದ್ದವನು ಇದ್ದಕ್ಕಿದ್ದ ಹಾಗೆ ಬ್ರೇಕ್ ತುಳಿದರೆ ಹಿಂದೆ ಬರುವ ಬಸ್ಸಿನವನ ಗತಿ ಏನು?

ಡಿಟೆಕ್ಟರ್, ಸ್ಪ್ರೇ, ಸಿ.ಡಿ.

ಇವುಗಳನ್ನು ಬೇಗ ಮುಗಿಸೋಣ.

ಡಿಟೆಕ್ಟರ್ ಬೇರೆ, ಜಾಮರ್ ಬೇರೆ. ಡಿಟೆಕ್ಟರ್ ಬರೀ ಕೇಳಿಸಿಕೊಂಡು 'ಗನ್ ಇದೆ' ಅಂತ ಕೂಗುತ್ತದೆ. ಅಗಲವಾಗಿ ಹರಡುವ ರಾಡಾರ್ ಅಲೆಯನ್ನು ದೂರದಿಂದಲೇ ಹಿಡಿಯಬಹುದು, ಹಾಗಾಗಿ ಅಲ್ಲಿ ಉಪಯೋಗ ಇದೆ. ಲೇಸರ್ ವಿಷಯದಲ್ಲಿ ಅದು ಕೂಗಿತು ಅಂದರೆ ಕಿರಣ ನಿಮ್ಮ ಕಾರಿನ ಮೇಲೇ ಬಿದ್ದಿದೆ ಅಂತ. ಅಳತೆಗೆ ಬೇಕಾಗಿರುವುದು ಅರ್ಧ ಸೆಕೆಂಡಿಗೂ ಕಡಿಮೆ. ನಿಮ್ಮ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡಾದರೂ ಬೇಕು.

ನಂಬರ್ ಪ್ಲೇಟಿಗೆ ಹೊಡೆಯುವ ಸ್ಪ್ರೇ, ಹೆಡ್‌ಲೈಟಿಗೆ ಬಳಿಯುವ ದ್ರವ ಹೆಚ್ಚೆಂದರೆ ಬೆಳಕು ವಾಪಸ್ ಹೋಗುವುದನ್ನು ಸ್ವಲ್ಪ ಕಡಿಮೆ ಮಾಡಬಹುದು. ಅಂದರೆ 400 ಮೀಟರ್‌ನಲ್ಲಿ ಸಿಗುತ್ತಿದ್ದವರು ಇನ್ನೂ ಸ್ವಲ್ಪ ಹತ್ತಿರ ಬಂದ ಮೇಲೆ ಸಿಗುತ್ತಾರೆ. ಇನ್ನು ಕನ್ನಡಿಗೆ ಸಿ.ಡಿ. ತೂಗುಹಾಕುವ ವಿದ್ಯೆ. ಸಿ.ಡಿ. ಹೊಳೆಯುತ್ತದೆ, ನಿಜ. ಆದರೆ ಗನ್ ನೋಡುತ್ತಿರುವುದು ನಂಬರ್ ಪ್ಲೇಟನ್ನು. ಅದರ ಹೊಳಪಿನ ಹಾಳೆ ಮಾಡಿರುವುದೇ ಬಂದ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸಲು. ಸಿ.ಡಿ. ತಿರುಗುತ್ತಾ ಆಕಾಶಕ್ಕೋ ಡ್ಯಾಶ್‌ಬೋರ್ಡಿಗೋ ಬೆಳಕು ಚೆಲ್ಲಿದರೆ ಗನ್‌ಗೆ ಏನೂ ಆಗುವುದಿಲ್ಲ.

ಕಾನೂನು ಎಲ್ಲಿ ಏನು ಹೇಳುತ್ತದೆ

ಅಮೆರಿಕದಲ್ಲಿ ರಾಡಾರ್ ಜಾಮರ್ ಇಡೀ ದೇಶದಲ್ಲೇ ಅಪರಾಧ. ರಾಡಾರ್ ಅಂದರೆ ರೇಡಿಯೋ, ಬೇರೆಯವರ ರೇಡಿಯೋಗೆ ಅಡ್ಡಿ ಮಾಡುವುದನ್ನು ಅಲ್ಲಿಯ 1934ರ ಸಂಪರ್ಕ ಕಾಯ್ದೆ ತಡೆಯುತ್ತದೆ. ಲೇಸರ್ ಬೆಳಕು, ರೇಡಿಯೋ ಅಲ್ಲ. ಹಾಗಾಗಿ ಆ ಕಾಯ್ದೆಯ ಕೈಗೆ ಸಿಗುವುದಿಲ್ಲ. ಇದೇ ಸಂದಿಯಲ್ಲಿ ಜಾಮರ್ ವ್ಯಾಪಾರ ಬೆಳೆಯಿತು. ಆಮೇಲೆ ಒಂದೊಂದೇ ರಾಜ್ಯ ತನ್ನದೇ ಕಾನೂನು ಮಾಡಿಕೊಂಡಿತು. ಕ್ಯಾಲಿಫೋರ್ನಿಯಾ, ಇಲಿನಾಯ್, ವರ್ಜೀನಿಯಾ, ಮಿನೆಸೋಟ ಎಲ್ಲದರಲ್ಲೂ ನಿಷೇಧ ಇದೆ. ಅಕ್ಕನ ಮಗನ ಫ್ರೆಂಡ್ ಇರುವ ಟೆಕ್ಸಾಸ್‌ನಲ್ಲೂ 2011ರಿಂದ ನಿಷೇಧ. ಆ ಹುಡುಗನಿಗೆ ಅದು ಗೊತ್ತೇ ಇರಲಿಲ್ಲವಂತೆ. ನಿಮ್ಮ ಕಡೆಯವರು ಯಾರಾದರೂ ಅಲ್ಲಿ ಕೆಲಸಕ್ಕೆ ಹೋಗಿದ್ದರೆ, ಅದರಲ್ಲೂ ವೀಸಾ ಮೇಲೆ ಇರುವವರಾದರೆ, ಒಂದು ಮಾತು ಹೇಳಿ. ಕೆಲವು ಜಾಮರ್‌ಗಳನ್ನು ಪಾರ್ಕಿಂಗ್ ಸೆನ್ಸರ್ ಅನ್ನುವ ಹೆಸರಿನಲ್ಲಿ ಮಾರುತ್ತಾರೆ, ಹೆಸರು ನೋಡಿ ಮೋಸ ಹೋಗುವುದು ಸುಲಭ.

ಬ್ರಿಟನ್ನಿನಲ್ಲಿ ಇದನ್ನು ಇನ್ನೂ ಗಂಭೀರವಾಗಿ ನೋಡುತ್ತಾರೆ. ಅಲ್ಲಿ ಜಾಮರ್ ಬಳಸಿದವರ ಮೇಲೆ ಬರೀ ಟ್ರಾಫಿಕ್ ಕೇಸಲ್ಲ, ನ್ಯಾಯದ ದಾರಿ ತಪ್ಪಿಸಿದ ಕೇಸೂ ಬೀಳಬಹುದು. 2018ರಲ್ಲಿ ಉತ್ತರ ಇಂಗ್ಲೆಂಡಿನ ಒಬ್ಬ ಚಾಲಕನಿಗೆ 8 ತಿಂಗಳು ಜೈಲಾಯಿತು. ಅವನು ಜಾಮರ್ ಹಾಕಿಕೊಂಡು ಪೊಲೀಸರ ಕ್ಯಾಮೆರಾ ವ್ಯಾನಿನ ಮುಂದೆ ಮೂರು ಸಲ ಹೋಗಿ ಬೆರಳು ಎತ್ತಿ ತೋರಿಸಿದ್ದ. ವೇಗ ಸಿಗಲಿಲ್ಲ, ಆದರೆ ಮುಖ, ನಂಬರು, ಎತ್ತಿದ ಬೆರಳು ಎಲ್ಲವೂ ಸಿಕ್ಕಿತು. ಬರೀ ಅತಿವೇಗಕ್ಕೆ ಸಿಕ್ಕಿದ್ದರೆ ದಂಡ ಕಟ್ಟಿ ಮನೆಗೆ ಹೋಗುತ್ತಿದ್ದ.

ನಮ್ಮಲ್ಲಿ? 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಲೇಸರ್ ಜಾಮರ್ ಅಂತ ಹೆಸರಿಟ್ಟು ಹೇಳಿದ ಕಲಂ ಇಲ್ಲ. ಹಾಗಂತ ರಸ್ತೆ ಖಾಲಿ ಇದೆ ಅಂದುಕೊಳ್ಳಬೇಡಿ. 2019ರ ತಿದ್ದುಪಡಿಯ ಪ್ರಕಾರ ಅನುಮತಿ ಇಲ್ಲದ ರೀತಿಯಲ್ಲಿ ಗಾಡಿಯನ್ನು ಮಾರ್ಪಾಡು ಮಾಡಿದರೆ, ಬಿಡಿಭಾಗ ಸೇರಿಸಿದರೂ ಸೇರಿ, ಮಾಲೀಕನಿಗೆ 6 ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಬೇಕಂತಲೇ ಅಡ್ಡಿಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 221ನೇ ಕಲಂನಲ್ಲಿ ಅಪರಾಧ. ಅತಿವೇಗಕ್ಕೆ ಕಾರಿಗೆ ಕಾಯ್ದೆಯಲ್ಲಿರುವ ದಂಡ 1,000ದಿಂದ 2,000 ರೂಪಾಯಿ. ಯಾವುದು ದೊಡ್ಡದು, ನೀವೇ ಅಳೆದು ನೋಡಿ.

ನಮ್ಮ ಹೈವೇಯಲ್ಲಿ ಅಳೆಯುತ್ತಿರುವುದು ಯಾವುದು

ಇಷ್ಟು ಹೊತ್ತು ಹೇಳಿದ್ದು ಲೇಸರ್ ಗನ್ ಬಗ್ಗೆ. ಈಗ ಅಕ್ಕನ ಮಗನ ನೋಟಿಸಿಗೆ ಬರೋಣ. ಅವನನ್ನು ಹಿಡಿದಿದ್ದು ಗನ್ ಹಿಡಿದ ಪೊಲೀಸರಲ್ಲ, ರಸ್ತೆಯ ಮೇಲೆ ಅಡ್ಡಡ್ಡ ನಿಲ್ಲಿಸಿದ ಕಂಬದ ಕ್ಯಾಮೆರಾ.

ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ರಸ್ತೆ ನುಣ್ಣಗಿತ್ತು, ಕಾರುಗಳು ಹಾರಿದವು, ಜನ ಸಾಯತೊಡಗಿದರು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಗೆ ಬಿಡುವುದು ನಿಲ್ಲಿಸಿದರು. ಕಾರಿಗೆ ಮಿತಿ 100 ಕಿ.ಮೀ. ಆಮೇಲೆ ಸಾಲಾಗಿ ಕ್ಯಾಮೆರಾ ಬಂದವು. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಎಲ್ಲಿಯಾದರೂ 130 ದಾಟಿದರೆ ದಂಡ ಅಷ್ಟೇ ಅಲ್ಲ, ಎಫ್‌ಐಆರ್ ಹಾಕುತ್ತೇವೆ ಅಂತ ಪೊಲೀಸರು ಹೇಳಿದರು. ಅಜಾಗರೂಕ ಚಾಲನೆಯ ಆ ಕಲಂನಲ್ಲಿ 6 ತಿಂಗಳವರೆಗೆ ಜೈಲು ಇದೆ.

ಕಂಬದ ಕ್ಯಾಮೆರಾಗಳು ವೇಗ ಅಳೆಯುವ ದಾರಿ ಹಲವು. ಕೆಲವು ರಾಡಾರ್, ಕೆಲವು ಲೇಸರ್, ಕೆಲವು ರಸ್ತೆಯೊಳಗೆ ಹುದುಗಿಸಿದ ತಂತಿ ಸುರುಳಿ. ಲೇಸರ್ ಜಾಮರ್ ಮೊದಲನೆಯದಕ್ಕೂ ಕೊನೆಯದಕ್ಕೂ ಏನೂ ಮಾಡಲಾರದು. ಆದರೆ ಅದು ಪೂರ್ತಿ ಕೈಚೆಲ್ಲುವುದು ಸರಾಸರಿ ವೇಗದ ಕ್ಯಾಮೆರಾ ಎದುರು.

ಅದರ ಲೆಕ್ಕ ಐದನೇ ಕ್ಲಾಸಿನದು. ಒಂದು ಕಂಬದ ಹತ್ತಿರ ನಿಮ್ಮ ನಂಬರ್ ಪ್ಲೇಟಿನ ಫೋಟೋ, ಜೊತೆಗೆ ಸಮಯ. 20 ಕಿಲೋಮೀಟರ್ ಆಚೆ ಇನ್ನೊಂದು ಕಂಬ, ಅಲ್ಲೂ ಫೋಟೋ, ಸಮಯ. 100ರಲ್ಲಿ ಬಂದರೆ 20 ಕಿ.ಮೀ.ಗೆ 12 ನಿಮಿಷ ಹಿಡಿಯಬೇಕು. ನೀವು 9 ನಿಮಿಷಕ್ಕೇ ಬಂದಿರಿ ಅಂದರೆ ಸರಾಸರಿ 133. ಇಲ್ಲಿ ಯಾವ ಕಿರಣವೂ ನಿಮ್ಮ ಕಾರಿನ ಮೇಲೆ ಬೀಳಲಿಲ್ಲ, ವಾಪಸ್ ಬರಲೂ ಇಲ್ಲ. ಜಾಮರ್ ಯಾವುದಕ್ಕೆ ಅಡ್ಡ ಬರಬೇಕು? ಗಡಿಯಾರಕ್ಕಾ? ಕ್ಯಾಮೆರಾ ಕಂಡಾಗ ಬ್ರೇಕ್ ಹಾಕಿ, ದಾಟಿದ ಮೇಲೆ ಮತ್ತೆ ಒತ್ತುವ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನಲ್ಲಿ 1990ರ ದಶಕದ ಕೊನೆಯಿಂದಲೂ ಇಂಥವು ಇವೆ. ನಮ್ಮ ದೇಶದಲ್ಲಿ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಗೆ 2024ರಲ್ಲಿ ಬಂದವು.

ಅಮೆರಿಕದ ಹಲವು ರಾಜ್ಯಗಳಲ್ಲಿ ವೇಗದ ಕ್ಯಾಮೆರಾಗೇ ನಿರ್ಬಂಧ ಇದೆ, ಹಾಗಾಗಿ ಅಲ್ಲಿ ಇನ್ನೂ ಪೊಲೀಸರು ಗನ್ ಹಿಡಿದು ರಸ್ತೆ ಬದಿ ನಿಲ್ಲುತ್ತಾರೆ. ಜಾಮರ್ ಅಲ್ಲಿಯ ಕಥೆ. ಅದನ್ನು ತಂದು ನಮ್ಮ ಕಂಬಗಳ ಕೆಳಗೆ ಓಡಿಸಿದರೆ ಸುಮ್ನೆ ದುಡ್ಡು ದಂಡ.

100 ಯಾಕೆ, 130 ಯಾಕಲ್ಲ?

"ರಸ್ತೆ ಇಷ್ಟು ಚೆನ್ನಾಗಿದೆ, ನನ್ನ ಕಾರೂ ಗಟ್ಟಿ ಇದೆ, 30 ಕಿಲೋಮೀಟರ್ ಜಾಸ್ತಿ ಹೋದ್ರೆ ಏನಾಗುತ್ತೆ ಮಾಮ?" ಅಂತ ಅವನು ಕೇಳಿದ. ಇದಕ್ಕೆ ಉತ್ತರ ಕೊಡದೆ ಬರೀ ಗನ್ ಬಗ್ಗೆ ಹೇಳಿದರೆ ಅರ್ಧ ಹೇಳಿದ ಹಾಗೆ.

ಬ್ರೇಕ್ ಹಿಡಿದ ಮೇಲೆ ಕಾರು ನಿಲ್ಲಲು ಬೇಕಾಗುವ ದೂರ ವೇಗದ ಜೊತೆ ಸಮಸಮ ಏರುವುದಿಲ್ಲ, ವರ್ಗದಲ್ಲಿ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಒಣ ರಸ್ತೆ, ಒಳ್ಳೆ ಟೈರು ಅಂತಲೇ ಇಟ್ಟುಕೊಳ್ಳಿ. 100ರಲ್ಲಿ ಹೋಗುವಾಗ ಅಡ್ಡ ಬಂದದ್ದು ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ 28 ಮೀಟರ್ ಹೋಗಿರುತ್ತೀರಿ. ಬ್ರೇಕ್ ಹಿಡಿದ ಮೇಲೆ ಇನ್ನೊಂದು 55 ಮೀಟರ್. ಒಟ್ಟು 83. 130ರಲ್ಲಿ ಹೋಗುತ್ತಿದ್ದರೆ ಮೊದಲ ಸೆಕೆಂಡಿಗೆ 36, ಆಮೇಲೆ 93, ಒಟ್ಟು 129 ಮೀಟರ್. ಅಂದರೆ 100ರಲ್ಲಿ ಬಂದವನು ಪೂರ್ತಿ ನಿಂತ ಜಾಗದಲ್ಲಿ 130ರಲ್ಲಿ ಬಂದವನು ಇನ್ನೂ 90ರ ಮೇಲೆ ವೇಗದಲ್ಲಿ ಹೋಗುತ್ತಿರುತ್ತಾನೆ. ಬೇಲಿ ಹಾರಿ ಅಡ್ಡ ಬಂದ ನಾಯಿ, ಕೆಟ್ಟು ನಿಂತ ಲಾರಿ, ರಸ್ತೆ ದಾಟುತ್ತಿರುವ ಹಳ್ಳಿಯ ಅಜ್ಜಿ ಆ ಜಾಗದಲ್ಲಿದ್ದರೆ ಒಬ್ಬ ಬಯ್ದುಕೊಂಡು ಮುಂದೆ ಹೋಗುತ್ತಾನೆ, ಇನ್ನೊಬ್ಬ ಗುದ್ದುತ್ತಾನೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇಕಡಾ 71ರಷ್ಟು ಸಾವಿಗೆ ಅತಿವೇಗ ಕಾರಣ ಅಂತ ಬರೆದಿದ್ದಾರೆ. ಮದ್ದೂರು, ಚನ್ನಪಟ್ಟಣ, ರಾಮನಗರದ ಕಡೆ ಹೈವೇ ಪಕ್ಕದ ಊರುಗಳಲ್ಲಿ ನನ್ನ ನೆಂಟರಿದ್ದಾರೆ. ಈ ಅಂಕಿ ಅವರಿಗೆ ಅಂಕಿಯಲ್ಲ.

ನೋಟಿಸ್ ಬಂದರೆ ಏನು ನೋಡಬೇಕು

ಕ್ಯಾಮೆರಾ ತಪ್ಪೇ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಕೈಯಲ್ಲಿ ಹಿಡಿದ ಲೇಸರ್ ಗನ್ ಅಲುಗಾಡಿ, ಕಿರಣ ಬಾನೆಟ್ಟಿನಿಂದ ಗಾಜಿನ ಕಡೆಗೆ ಜಾರಿದರೆ ದೂರದ ಲೆಕ್ಕ ಹೆಚ್ಚುಕಮ್ಮಿ ಆಗಬಹುದು. ಸ್ಟ್ಯಾಂಡ್ ಬಳಸುವುದು ಅದಕ್ಕೇ. ಇನ್ನೊಂದು ಕಡೆ, ಗನ್ ರಸ್ತೆಗೆ ಓರೆಯಾಗಿ ನಿಂತಿದ್ದರೆ ಅದು ತೋರಿಸುವ ವೇಗ ನಿಜಕ್ಕಿಂತ ಕಡಿಮೆಯೇ ಇರುತ್ತದೆ. 10 ಡಿಗ್ರಿ ಓರೆ ಇದ್ದರೆ 100 ಇದ್ದದ್ದು 98.5 ಅಂತ ಬರುತ್ತದೆ. ಪಕ್ಕದಲ್ಲಿ ನಿಂತು ಹಿಡಿದಿದ್ದರಿಂದ ಜಾಸ್ತಿ ತೋರಿಸಿತು ಅನ್ನುವ ವಾದ ನಿಲ್ಲುವುದಿಲ್ಲ.

ನಿಮ್ಮ ಹಕ್ಕು ಇರುವುದು ಕೇಂದ್ರ ಮೋಟಾರು ವಾಹನ ನಿಯಮಗಳ 167ಎ ನಿಯಮದಲ್ಲಿ. 2021ರ ಆಗಸ್ಟ್‌ನಲ್ಲಿ ಇದು ಬಂತು. ಗನ್ನಿಗೂ ಕ್ಯಾಮೆರಾಗೂ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದನ್ನು ಪ್ರತಿ ವರ್ಷ ಹೊಸದು ಮಾಡಿಸಬೇಕು. ಮುಂದೆ ಕ್ಯಾಮೆರಾ ಇದೆ ಅಂತ ಎಚ್ಚರಿಸುವ ಫಲಕ ಇರಬೇಕು. ನಿಮ್ಮನ್ನು ಬೇಸ್ತು ಬೀಳಿಸುವುದು ಉದ್ದೇಶವಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು ಅಂತ 2021ರಲ್ಲಿ ಬಂದ ನಿಯಮದಲ್ಲಿತ್ತು. ನೋಟಿಸಿನಲ್ಲಿ ನಂಬರ್ ಪ್ಲೇಟ್ ಕಾಣುವ ಫೋಟೋ, ಅಳೆದ ವೇಗ, ದಿನ, ಸಮಯ, ಜಾಗ ಎಲ್ಲವೂ ಇರಬೇಕು. ಫೋಟೋದಲ್ಲಿ ಇರುವುದು ನಿಮ್ಮ ಕಾರೇನಾ ಅಂತ ಮೊದಲು ನೋಡಿ. ನಂಬರಿನ ಒಂದಂಕಿ ತಪ್ಪಾಗಿ ಓದಿ ಬೇರೆಯವರ ನೋಟಿಸ್ ಬರುವುದು ಉಂಟು. ಹಾಗಿದ್ದರೆ ದಂಡ ಕಟ್ಟಬೇಡಿ, ಬರೆದು ಆಕ್ಷೇಪ ಸಲ್ಲಿಸಿ.

ನಾವೂ ಮೊದಲು ಇದನ್ನೆಲ್ಲ ಸರಿನೋಡಿದೆವು. ಅವನು ಫೋನ್ ಮಾಡಿದ ವಾರದ ಭಾನುವಾರ ಅಕ್ಕನ ಮನೆಯ ಊಟದ ಟೇಬಲ್ ಮೇಲೆ ಎರಡೂ ನೋಟಿಸ್ ಫೋನಿನಲ್ಲಿ ತೆರೆದು, ಫೋಟೋ ದೊಡ್ಡದು ಮಾಡಿ ನೋಡಿದೆವು. ಕಾರು ಅವನದೇ. ನಂಬರ್ ಸರಿ ಇತ್ತು. ಒಂದರಲ್ಲಿ 118, ಇನ್ನೊಂದರಲ್ಲಿ 124. ಎರಡನೆಯ ಫೋಟೋದ ಸಮಯ ನೋಡಿ ಅಕ್ಕ, "ಅವತ್ತು ಹಿಂದಿನ ಸೀಟಿನಲ್ಲಿ ಮಗು ಮಲಗಿತ್ತಲ್ವೇನೋ?" ಅಂದಳು. ಅವನು ಏನೂ ಮಾತಾಡಲಿಲ್ಲ. ಅಲ್ಲೇ ಕೂತು ಎರಡಕ್ಕೂ ದಂಡ ಕಟ್ಟಿದ.